ವೈಯಕ್ತಿಕ ಗಣಕಯಂತ್ರಗಳೊಂದಿಗೆ ಬಳಸುವ ಕಡಿಮೆ ವೆಚ್ಚದ ಡಿ.ಎಸ್.ಪಿ. ಬೋರ್ಡ್‌ಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಧ್ವನಿ, ಯಂತ್ರಗಳ ಕಂಪನ, ಹೃದಯದ ಮಿಡಿತ, ರೇಡಿಯೋ ತರಂಗ ಮುಂತಾದ ಸಂಕೇತಗಳನ್ನು ಅಂಕಿಗಳ ರೂಪಕ್ಕೆ ತಂದು, ಆ ಅಂಕಿಗಳ ಮೇಲೆ ಗಣನೆ ನಡೆಸಿ, ಬೇಕಾದ ಅಂಶವನ್ನು ಉಳಿಸಿಕೊಂಡು ಬೇಡವಾದುದನ್ನು ತೆಗೆದುಹಾಕುವ ವಿಧಾನವನ್ನು ಅಂಕೀಯ ಸಂಕೇತ ಸಂಸ್ಕರಣೆ ಅಥವಾ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಎನ್ನಲಾಗುತ್ತದೆ. ಇದರ ಸಂಕ್ಷಿಪ್ತ ರೂಪ ಡಿ.ಎಸ್.ಪಿ. ಈ ಕಾರ್ಯಕ್ಕಾಗಿ ಪ್ರೊಸೆಸರ್, ಮೆಮೊರಿ ಹಾಗೂ ಸಂಕೇತದ ಒಳಹರಿವು-ಹೊರಹರಿವುಗಳನ್ನು ಒಂದೇ ಫಲಕದ ಮೇಲೆ ಅಳವಡಿಸಿ, ಗಣಕಯಂತ್ರಕ್ಕೆ ಜೋಡಿಸುವಂತೆ ತಯಾರಿಸಿದ ಸಾಧನವೇ ಡಿ.ಎಸ್.ಪಿ. ಬೋರ್ಡ್.

ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು, ಪ್ರಯೋಗಾಲಯಗಳನ್ನು ಸ್ಥಾಪಿಸುವ ಸಂಸ್ಥೆಗಳು, ಸಣ್ಣ ಕೈಗಾರಿಕೆಗಳು ಹಾಗೂ ಹವ್ಯಾಸಿ ರೇಡಿಯೋ ಬಳಕೆದಾರರು ಇಂತಹ ಬೋರ್ಡ್‌ಗಳನ್ನು ಸ್ವಂತ ಹಣದಿಂದ ಅಥವಾ ಯಾವುದಾದರೂ ಯೋಜನೆಯಡಿ ಅರ್ಜಿ ಸಲ್ಲಿಸಿ ಪಡೆಯುತ್ತಾರೆ. ಖರೀದಿಯ ವೇಳೆ ಬೋರ್ಡಿನ ನಮೂದಿತ ಬೆಲೆಯನ್ನು ಮಾತ್ರ ಪರಿಗಣಿಸಿ, ಅದನ್ನು ಗಣಕಯಂತ್ರಕ್ಕೆ ಜೋಡಿಸುವ ಮಾರ್ಗ ಹಾಗೂ ಅದಕ್ಕೆ ಬೇಕಾದ ತಂತ್ರಾಂಶವನ್ನು ಕಡೆಗಣಿಸಿದಲ್ಲಿ, ಅಗ್ಗದ ಬೋರ್ಡ್ ಕೆಲವೇ ವರ್ಷಗಳಲ್ಲಿ ಬಳಕೆಗೆ ಬಾರದೆ ಉಳಿಯುತ್ತದೆ. ಈ ನಷ್ಟವನ್ನು ತಪ್ಪಿಸಲು ಅಗತ್ಯವಾದ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

2. ಪ್ರತ್ಯೇಕ ಬೋರ್ಡಿನ ಅಗತ್ಯ ಉಂಟಾದ ಕಾರಣ

ಸಂಕೇತ ಸಂಸ್ಕರಣೆಯಲ್ಲಿ ಪುನರಾವರ್ತನೆಯಾಗುವ ಮುಖ್ಯ ಕ್ರಿಯೆ ಒಂದೇ: ಎರಡು ಸಂಖ್ಯೆಗಳನ್ನು ಗುಣಿಸಿ, ಬಂದ ಗುಣಲಬ್ಧವನ್ನು ಹಿಂದಿನ ಮೊತ್ತಕ್ಕೆ ಕೂಡಿಸುವುದು. ಉದಾಹರಣೆಗೆ, ಸೆಕೆಂಡಿಗೆ 48,000 ಮಾದರಿಗಳಂತೆ ಬರುವ ಧ್ವನಿಯನ್ನು 100 ಗುಣಾಂಕಗಳ ಒಂದು ಶೋಧಕದ ಮೂಲಕ ಹಾಯಿಸಲು ಸೆಕೆಂಡಿಗೆ 48 ಲಕ್ಷ ಗುಣಾಕಾರ ಹಾಗೂ ಅಷ್ಟೇ ಸಂಕಲನಗಳು ಬೇಕಾಗುತ್ತವೆ.

1981ರಲ್ಲಿ ಬಂದ ಐ.ಬಿ.ಎಂ. ವೈಯಕ್ತಿಕ ಗಣಕಯಂತ್ರದಲ್ಲಿದ್ದ 8088 ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. 16 ಬಿಟ್‌ಗಳ ಒಂದು ಗುಣಾಕಾರಕ್ಕೆ ಅದು ಕನಿಷ್ಠ 118 ಕ್ಲಾಕ್ ಆವರ್ತಗಳನ್ನು ತೆಗೆದುಕೊಳ್ಳುತ್ತಿತ್ತು. ಅಂದರೆ ಬೇರಾವ ಕೆಲಸವನ್ನೂ ಮಾಡದಿದ್ದರೂ ಸೆಕೆಂಡಿಗೆ ಸುಮಾರು 40,000 ಗುಣಾಕಾರಗಳು ಮಾತ್ರ. ಸೆಕೆಂಡಿಗೆ 8,000 ಮಾದರಿಗಳ ದೂರವಾಣಿ ಧ್ವನಿಗೂ, ಮಾದರಿಯೊಂದಕ್ಕೆ ಐದು ಗುಣಾಕಾರಗಳಷ್ಟೇ ಸಾಧ್ಯವಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1982ರಲ್ಲಿ ಪ್ರಕಟಿಸಿದ ಟಿ.ಎಂ.ಎಸ್.32010 ಚಿಪ್ಪಿನಲ್ಲಿ ಗುಣಾಕಾರಕ್ಕೆಂದೇ ಪ್ರತ್ಯೇಕ ಯಂತ್ರಾಂಶವಿದ್ದು, 200 ನ್ಯಾನೋಸೆಕೆಂಡಿಗೆ ಒಂದರಂತೆ ಸೆಕೆಂಡಿಗೆ 50 ಲಕ್ಷ ಆದೇಶಗಳನ್ನು ನಿರ್ವಹಿಸುತ್ತಿತ್ತು. ಇಂತಹ ಚಿಪ್ಪನ್ನು ಗಣಕಯಂತ್ರದೊಳಗಿನ ಸ್ಲಾಟಿಗೆ ಕೂರಿಸುವ ಬೋರ್ಡ್‌ಗಳು ಬಳಕೆಗೆ ಬಂದದ್ದು ಈ ಅಂತರದಿಂದಾಗಿ.

3. ಬೆಲೆ ಇಳಿದ ಬಗೆ

ಆರಂಭದ ಬೋರ್ಡ್‌ಗಳು ಸಂಶೋಧನಾ ಸಂಸ್ಥೆಗಳ ಕೈಗೆ ಮಾತ್ರ ಎಟುಕುವಂತಿದ್ದವು. ನಂತರದ ಬೆಳವಣಿಗೆ ಈ ಕೆಳಕಂಡಂತಿದೆ.

ಅ) ಮೊಟೊರೊಲಾ ಸಂಸ್ಥೆಯ ಡಿ.ಎಸ್.ಪಿ.56001 ಚಿಪ್ 1988ರ ನೆಕ್ಸ್ಟ್ ಗಣಕಯಂತ್ರದಲ್ಲಿಯೂ, 1992ರ ಅಟಾರಿ ಫಾಲ್ಕನ್ ಗಣಕಯಂತ್ರದಲ್ಲಿಯೂ ಅಳವಡಿಕೆಯಾಯಿತು. ಇದರಿಂದ ಡಿ.ಎಸ್.ಪಿ. ಚಿಪ್ ಸಾಮಾನ್ಯ ಬಳಕೆದಾರರ ಮೇಜಿಗೆ ಬಂದಂತಾಯಿತು.

ಆ) 1990ರ ದಶಕದ ಮಧ್ಯಭಾಗದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಟಿ.ಎಂ.ಎಸ್.320 ಸಿ50 ಚಿಪ್ಪಿನ ಡಿ.ಎಸ್.ಪಿ. ಸ್ಟಾರ್ಟರ್ ಕಿಟ್ ಅನ್ನು 99 ಡಾಲರ್ ಬೆಲೆಗೆ ನೀಡಿತು. ಇಂತಹ ಕಿಟ್‌ಗಳನ್ನು ಡಿ.ಎಸ್.ಕೆ. ಎಂದು ಕರೆಯಲಾಗುತ್ತದೆ. ಗಣಕಯಂತ್ರವನ್ನು ಬಿಚ್ಚುವ ಅಗತ್ಯವಿಲ್ಲದೆ, ಹೊರಗಿನ ಸೀರಿಯಲ್ ಪೋರ್ಟಿಗೆ ತಂತಿ ಜೋಡಿಸಿದರೆ ಸಾಕಾಗುತ್ತಿತ್ತು.

ಇ) ಅನಲಾಗ್ ಡಿವೈಸಸ್ ಸಂಸ್ಥೆಯ ಎ.ಡಿ.ಎಸ್.ಪಿ.-2181 ಇ.ಝಡ್. ಕಿಟ್ ಲೈಟ್ ಬೋರ್ಡಿನಲ್ಲಿ ಸ್ಟೀರಿಯೊ ಧ್ವನಿಯ ಸೌಲಭ್ಯವಿತ್ತು. ಅಮೆರಿಕದ ಹವ್ಯಾಸಿ ರೇಡಿಯೋ ಬಳಕೆದಾರ ಬಾಬ್ ಲಾರ್ಕಿನ್ 1999ರಲ್ಲಿ ಪ್ರಕಟಿಸಿದ ಡಿ.ಎಸ್.ಪಿ.-10 ರೇಡಿಯೋ ಯಂತ್ರವು ಇದೇ ಬೋರ್ಡನ್ನು ಆಧರಿಸಿತ್ತು. ಕಲಿಕೆಗಾಗಿ ಮಾರಿದ ಬೋರ್ಡ್ ಉಪಯುಕ್ತ ಯಂತ್ರದ ಭಾಗವೂ ಆಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಈ) 2000ದ ದಶಕದಲ್ಲಿ ಬಂದ ಟಿ.ಎಂ.ಎಸ್.320 ಸಿ6713 ಡಿ.ಎಸ್.ಕೆ. ಬೋರ್ಡಿನಲ್ಲಿ 225 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 16 ಮೆಗಾಬೈಟ್ ಮೆಮೊರಿ ಹಾಗೂ ಯು.ಎಸ್.ಬಿ. ಸಂಪರ್ಕವಿದ್ದವು. ಕರ್ನಾಟಕದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ಪಠ್ಯಕ್ರಮದಲ್ಲಿ ಡಿ.ಎಸ್.ಪಿ. ಯಂತ್ರಾಂಶದ ಮೇಲೆ ನಡೆಸುವ ಪ್ರಯೋಗಗಳು ಸೇರಿದ್ದರಿಂದ ಈ ಬಗೆಯ ಬೋರ್ಡ್‌ಗಳು ಅನೇಕ ಕಾಲೇಜುಗಳ ಪ್ರಯೋಗಾಲಯಗಳಿಗೆ ಬಂದವು.

ಉ) 2010ರಲ್ಲಿ ಪ್ರಕಟವಾದ ಆರ್ಮ್ ಕಾರ್ಟೆಕ್ಸ್-ಎಂ4 ವಿನ್ಯಾಸದಲ್ಲಿ ಗುಣಿಸಿ ಕೂಡಿಸುವ ಆದೇಶಗಳು ಸಾಮಾನ್ಯ ಮೈಕ್ರೊಕಂಟ್ರೋಲರಿನಲ್ಲೇ ದೊರೆತವು. 2011ರಲ್ಲಿ ಬಂದ ಎಸ್.ಟಿ.ಎಂ.32 ಎಫ್4 ಡಿಸ್ಕವರಿ ಬೋರ್ಡ್ 168 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, ಮೈಕ್ರೊಫೋನ್ ಹಾಗೂ ಧ್ವನಿ ಹೊರಹರಿವನ್ನು ಹೊಂದಿದ್ದು, ಬಿಡುಗಡೆಯ ವೇಳೆ ಅದರ ಬೆಲೆ 20 ಡಾಲರ್‌ಗಿಂತ ಕಡಿಮೆಯಿತ್ತು. 2019ರಲ್ಲಿ ಬಂದ ಟೀನ್ಸಿ 4.0 ಬೋರ್ಡಿನ ವೇಗ 600 ಮೆಗಾಹರ್ಟ್ಸ್. ಇದಕ್ಕೆ ಧ್ವನಿಯ ಫಲಕವನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ.

4. ವೆಚ್ಚದ ನಾಲ್ಕು ಶೀರ್ಷಿಕೆಗಳು

ದರಪಟ್ಟಿಗಳನ್ನು ಹೋಲಿಸುವಾಗ ಈ ಕೆಳಕಂಡ ನಾಲ್ಕು ಶೀರ್ಷಿಕೆಗಳಡಿ ಮೊತ್ತವನ್ನು ಬರೆದುಕೊಂಡು, ಅವುಗಳ ಒಟ್ಟು ಮೊತ್ತವನ್ನು ಹೋಲಿಸುವುದು ಸೂಕ್ತ.

4.1 ಬೋರ್ಡ್ ಮತ್ತು ಸಂಕೇತದ ಒಳಹರಿವು: ಪ್ರೊಸೆಸರ್ ಎಷ್ಟೇ ವೇಗದ್ದಾಗಿದ್ದರೂ ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸುವ ಚಿಪ್, ಅಂದರೆ ಕೊಡೆಕ್ ಅಥವಾ ಎ.ಡಿ.ಸಿ., ಉದ್ದೇಶಕ್ಕೆ ತಕ್ಕುದಾಗಿರಬೇಕು. ಇದು ಬೋರ್ಡಿನಲ್ಲೇ ಇದೆಯೇ, ಪ್ರತ್ಯೇಕವಾಗಿ ಕೊಳ್ಳಬೇಕೇ ಎಂಬುದನ್ನು ಪರಿಶೀಲಿಸತಕ್ಕದ್ದು.

4.2 ಗಣಕಯಂತ್ರದ ಸಂಪರ್ಕ: ಪ್ರೋಗ್ರಾಮನ್ನು ಬೋರ್ಡಿಗೆ ಇಳಿಸಲು ಮತ್ತು ದೋಷ ಪರಿಶೀಲನೆ ನಡೆಸಲು ಬೇಕಾದ ಸಾಧನವು ಕೆಲವು ಬೋರ್ಡ್‌ಗಳಲ್ಲಿ ಅಂತರ್ಗತವಾಗಿರುತ್ತದೆ, ಮತ್ತೆ ಕೆಲವಕ್ಕೆ ಹೊರಗಿನಿಂದ ಕೊಳ್ಳಬೇಕಾಗುತ್ತದೆ. ಹೊರಗಿನ ಸಾಧನದ ಬೆಲೆ ಬೋರ್ಡಿನ ಬೆಲೆಯನ್ನೇ ಮೀರುವ ಸಂದರ್ಭಗಳೂ ಇವೆ.

4.3 ತಂತ್ರಾಂಶ: ಸಿ ಭಾಷೆಯ ಕಂಪೈಲರ್ ಉಚಿತವೇ, ಅವಧಿ ಸೀಮಿತವೇ, ಆ ಬೋರ್ಡಿಗೆ ಮಾತ್ರ ಅನ್ವಯಿಸುವುದೇ ಎಂಬುದನ್ನು ತಿಳಿದುಕೊಳ್ಳಬೇಕು. ಡಿ.ಎಸ್.ಕೆ. ಬೋರ್ಡ್‌ಗಳೊಂದಿಗೆ ನೀಡಲಾಗುತ್ತಿದ್ದ ಕೋಡ್ ಕಂಪೋಸರ್ ಸ್ಟುಡಿಯೊ ಆವೃತ್ತಿಯು ಆಯಾ ಬೋರ್ಡಿನೊಂದಿಗೆ ಮಾತ್ರ ಕೆಲಸ ಮಾಡುತ್ತಿತ್ತು. 2016ರಲ್ಲಿ ಬಂದ 7ನೇ ಆವೃತ್ತಿಯಿಂದ ಈ ತಂತ್ರಾಂಶ ಉಚಿತವಾಯಿತು.

4.4 ಮುಂದಿನ ವರ್ಷಗಳ ಬೆಂಬಲ: ಗಣಕಯಂತ್ರ ಅಥವಾ ಕಾರ್ಯಾಚರಣೆ ವ್ಯವಸ್ಥೆ ಬದಲಾದಾಗ ಬೋರ್ಡ್ ಕೆಲಸ ಮಾಡುವುದೇ ಎಂಬುದು ದರಪಟ್ಟಿಯಲ್ಲಿ ಕಾಣುವುದಿಲ್ಲ. ಈ ಶೀರ್ಷಿಕೆಯಡಿ ಉಂಟಾಗುವ ನಷ್ಟವೇ ಸಾಮಾನ್ಯವಾಗಿ ದೊಡ್ಡದು. ಇದರ ವಿವರವನ್ನು ಮುಂದಿನ ಭಾಗದಲ್ಲಿ ನೀಡಲಾಗಿದೆ.

5. ಸಂಪರ್ಕ ಮಾರ್ಗ ಮತ್ತು ಬೋರ್ಡಿನ ಆಯುಷ್ಯ

ಅನೇಕ ಡಿ.ಎಸ್.ಪಿ. ಬೋರ್ಡ್‌ಗಳು ಕೆಟ್ಟುಹೋದದ್ದರಿಂದಲ್ಲ, ಜೋಡಿಸಲು ಜಾಗವಿಲ್ಲದೆ ಮೂಲೆ ಸೇರಿವೆ. ಐ.ಎಸ್.ಎ. ಸ್ಲಾಟಿನ ಬೋರ್ಡ್‌ಗಳಿಗೆ 2000ದ ನಂತರದ ಮದರ್‌ಬೋರ್ಡ್‌ಗಳಲ್ಲಿ ಕ್ರಮೇಣ ಸ್ಥಳವೇ ಇಲ್ಲವಾಯಿತು. ಪ್ರಿಂಟರ್‌ನ ಪ್ಯಾರಲಲ್ ಪೋರ್ಟಿಗೆ ಜೋಡಿಸುತ್ತಿದ್ದ ಸಿ31 ಮತ್ತು ಸಿ6711 ಡಿ.ಎಸ್.ಕೆ. ಬೋರ್ಡ್‌ಗಳಿಗೆ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಇಲ್ಲವಾದಾಗ ಅದೇ ಸ್ಥಿತಿ ಒದಗಿತು. ಡಾಸ್ ಕಾಲದ ತಂತ್ರಾಂಶವು ಪೋರ್ಟನ್ನು ನೇರವಾಗಿ ನಿಯಂತ್ರಿಸುತ್ತಿದ್ದುದರಿಂದ, ಅದನ್ನು ಅನುಮತಿಸದ ವಿಂಡೋಸ್ ಎನ್.ಟಿ. ಮತ್ತು ಅದರ ನಂತರದ ಎಕ್ಸ್.ಪಿ. ವ್ಯವಸ್ಥೆಗಳಲ್ಲಿ ಪ್ರತ್ಯೇಕ ಡ್ರೈವರ್ ಇಲ್ಲದೆ ನಡೆಯುತ್ತಿರಲಿಲ್ಲ.

ಯು.ಎಸ್.ಬಿ. ಸಂಪರ್ಕವಿದ್ದ ಮಾತ್ರಕ್ಕೆ ಸಮಸ್ಯೆ ಪೂರ್ಣ ಬಗೆಹರಿಯುವುದಿಲ್ಲ. ಸಿ6713 ಬೋರ್ಡಿನ ಚಿಪ್ ಕುಟುಂಬಕ್ಕೆ ಬೆಂಬಲವನ್ನು ಕಂಪೈಲರಿನ 8ನೇ ಆವೃತ್ತಿಯಿಂದ ಕೈಬಿಡಲಾಗಿದ್ದು, 7.4 ಸರಣಿಯ ಕಂಪೈಲರನ್ನೇ ಬಳಸಬೇಕಾಗುತ್ತದೆ. ಆದ್ದರಿಂದ ಸಂಸ್ಥೆಗಳು ಬೋರ್ಡಿನೊಂದಿಗೆ ಬಂದ ಸಿ.ಡಿ., ಡ್ರೈವರ್ ಮತ್ತು ಕೈಪಿಡಿಗಳ ಪ್ರತಿಯನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ ಸುರಕ್ಷಿತವಾಗಿ ಕಾಯ್ದಿರಿಸತಕ್ಕದ್ದು. ಹೊಂದಿಕೆಯಾಗುವ ಒಂದು ಹಳೆಯ ಗಣಕಯಂತ್ರವನ್ನು ವಿಲೇವಾರಿ ಮಾಡದೆ ಪ್ರಯೋಗಾಲಯದಲ್ಲಿ ಉಳಿಸಿಕೊಳ್ಳುವುದು ಹೊಸ ಬೋರ್ಡ್‌ಗಳ ಖರೀದಿಗಿಂತ ಕಡಿಮೆ ವೆಚ್ಚದ ಮಾರ್ಗ.

ಸಂಪರ್ಕದ ವೇಗವೂ ಮುಖ್ಯ. 16 ಬಿಟ್‌ಗಳ ಸ್ಟೀರಿಯೊ ಧ್ವನಿಯು ಸೆಕೆಂಡಿಗೆ 48,000 ಮಾದರಿಗಳಂತೆ 1,92,000 ಬೈಟ್‌ಗಳಷ್ಟಾಗುತ್ತದೆ. 1,15,200 ಬಿಟ್ ವೇಗದ ಸೀರಿಯಲ್ ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 11,520 ಬೈಟ್‌ಗಳು ಮಾತ್ರ ಸಾಗುವುದರಿಂದ, ಒಂದು ಸೆಕೆಂಡಿನ ಧ್ವನಿಯನ್ನು ಗಣಕಯಂತ್ರಕ್ಕೆ ಕಳುಹಿಸಲು 16 ಸೆಕೆಂಡುಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಸಂಸ್ಕರಣೆ ಬೋರ್ಡಿನಲ್ಲೇ ಮುಗಿದು ಫಲಿತಾಂಶ ಮಾತ್ರ ಗಣಕಯಂತ್ರಕ್ಕೆ ಬರುವುದಾದರೆ ಈ ವೇಗ ಸಾಕು. ಧ್ವನಿಯನ್ನೇ ನೇರವಾಗಿ ಗಣಕಯಂತ್ರಕ್ಕೆ ತರಬೇಕಾದರೆ ಯು.ಎಸ್.ಬಿ. ಅಗತ್ಯ.

6. ಉದ್ದೇಶಕ್ಕೆ ತಕ್ಕ ಆಯ್ಕೆ

6.1 ಮಾತಿನ ಧ್ವನಿ: ಸೆಕೆಂಡಿಗೆ 8,000 ಮಾದರಿಗಳನ್ನು ತೆಗೆದುಕೊಂಡಲ್ಲಿ 4,000 ಹರ್ಟ್ಸ್‌ಗಿಂತ ಮೇಲಿನ ಧ್ವನಿ ದಾಖಲಾಗುವುದಿಲ್ಲ. ‘ಸ’ಕಾರದ ಶಕ್ತಿಯ ಬಹುಪಾಲು ಈ ಮಿತಿಯ ಮೇಲಿರುವುದರಿಂದ ದೂರವಾಣಿಯಲ್ಲಿ ‘ಸ’ ಮತ್ತು ‘ಫ’ ಧ್ವನಿಗಳನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ. ಕನ್ನಡ ಮಾತಿನ ಗುರುತಿಸುವಿಕೆಯ ಪ್ರಯೋಗ ನಡೆಸುವವರು ಸೆಕೆಂಡಿಗೆ 16,000 ಮಾದರಿಗಳ ಸೌಲಭ್ಯವುಳ್ಳ ಬೋರ್ಡನ್ನು ಆರಿಸಿಕೊಳ್ಳುವುದು ಸೂಕ್ತ.

6.2 ಸಂಗೀತ ಮತ್ತು ಶ್ರುತಿ: ತಂಬೂರಿಯ ಷಡ್ಜವು 130 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಅದರ ಮುಂದಿನ ಸ್ವರಸ್ಥಾನ ಸುಮಾರು 8 ಹರ್ಟ್ಸ್ ಮಾತ್ರ ದೂರದಲ್ಲಿರುತ್ತದೆ. 48,000 ಮಾದರಿ ವೇಗದಲ್ಲಿ 1,024 ಬಿಂದುಗಳ ಎಫ್.ಎಫ್.ಟಿ. ವಿಶ್ಲೇಷಣೆ ನಡೆಸಿದರೆ ಬಿಂದುಗಳ ನಡುವಿನ ಅಂತರ ಸುಮಾರು 47 ಹರ್ಟ್ಸ್ ಆಗುವುದರಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ. ಮಾದರಿ ವೇಗವನ್ನು 4,000ಕ್ಕೆ ಇಳಿಸಿ 4,096 ಬಿಂದುಗಳನ್ನು ಬಳಸಿದರೆ ಅಂತರ 1 ಹರ್ಟ್ಸ್‌ಗಿಂತ ಕಡಿಮೆಯಾಗುತ್ತದೆ. ಆದರೆ ಒಂದು ಸೆಕೆಂಡಿಗೂ ತುಸು ಹೆಚ್ಚಿನ ಧ್ವನಿ ಸಂಗ್ರಹವಾಗುವವರೆಗೆ ಕಾಯಬೇಕು. ಇಲ್ಲಿ ಹೆಚ್ಚು ಬೆಲೆಯ ಪ್ರೊಸೆಸರಿನ ಬದಲು ಸರಿಯಾದ ಲೆಕ್ಕವೇ ಫಲ ನೀಡುತ್ತದೆ.

6.3 ಯಂತ್ರಗಳ ಕಂಪನ: ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರಿನ ಮೂಲ ಕಂಪನ 24 ಹರ್ಟ್ಸ್. ನಿಮಿಷಕ್ಕೆ 300 ಸುತ್ತಿನ ಫ್ಯಾನಿನದು 5 ಹರ್ಟ್ಸ್ ಮಾತ್ರ. ಧ್ವನಿಗಾಗಿ ತಯಾರಿಸಿದ ಕೊಡೆಕ್‌ಗಳು ಸಾಮಾನ್ಯವಾಗಿ ಇಷ್ಟು ಕೆಳಗಿನ ಕಂಪನಗಳನ್ನು ತಡೆಹಿಡಿಯುತ್ತವೆ. ಕೈಗಾರಿಕೆಗಳು ಧ್ವನಿಯ ಬೋರ್ಡನ್ನು ಕೊಂಡು, ದೋಷವಿರುವ ಯಂತ್ರದಲ್ಲಿಯೂ ದೋಷ ಕಾಣದಿರುವ ಸಾಧ್ಯತೆ ಇದೆ. ಇಂತಹ ಬಳಕೆಗೆ ಡಿ.ಸಿ. ಮಟ್ಟದಿಂದಲೇ ಅಳೆಯಬಲ್ಲ ಎ.ಡಿ.ಸಿ. ಇರುವ ಬೋರ್ಡನ್ನು ಕೇಳತಕ್ಕದ್ದು.

6.4 ಧ್ವನಿವರ್ಧಕಗಳ ಹೊಂದಾಣಿಕೆ: ಎ.ಡಿ.ಎ.ಯು.1701 ಚಿಪ್ಪಿನ ಅಗ್ಗದ ಬೋರ್ಡ್‌ಗಳು ಈ ಕೆಲಸಕ್ಕೆ ಸೂಕ್ತ. ಇವುಗಳಿಗೆ ಸಿ ಭಾಷೆಯಲ್ಲಿ ಬರೆಯುವ ಬದಲು ಸಿಗ್ಮಾ ಸ್ಟುಡಿಯೊ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರರೂಪದ ಖಂಡಗಳನ್ನು ಜೋಡಿಸಬೇಕಾಗುತ್ತದೆ. ಪ್ರೋಗ್ರಾಮ್ ಇಳಿಸುವ ಯು.ಎಸ್.ಬಿ. ಸಾಧನ ಪ್ರತ್ಯೇಕ. ಪಠ್ಯಕ್ರಮದ ಪ್ರಯೋಗಗಳಿಗೆ ಇವು ಬದಲಿಯಲ್ಲ.

6.5 ರೇಡಿಯೋ ಸಂಕೇತಗಳ ಸ್ವೀಕಾರ: ಟಿ.ವಿ. ವೀಕ್ಷಣೆಗೆಂದು ತಯಾರಾದ ಆರ್.ಟಿ.ಎಲ್.2832ಯು ಚಿಪ್ಪಿನ ಯು.ಎಸ್.ಬಿ. ಸಾಧನಗಳನ್ನು 2012ರಿಂದ ಹವ್ಯಾಸಿಗಳು ರೇಡಿಯೋ ಸ್ವೀಕಾರಕ್ಕೆ ಬಳಸುತ್ತಿದ್ದಾರೆ. ಇವು 8 ಬಿಟ್‌ಗಳ ಮಾದರಿಗಳನ್ನು ಮಾತ್ರ ಒದಗಿಸುತ್ತವೆ; ಸಂಸ್ಕರಣೆ ಗಣಕಯಂತ್ರದಲ್ಲೇ ನಡೆಯುತ್ತದೆ. 2001ರಲ್ಲಿ ಆರಂಭವಾದ ಗ್ನೂ ರೇಡಿಯೋ ಎಂಬ ಮುಕ್ತ ತಂತ್ರಾಂಶ ಇದಕ್ಕೆ ಲಭ್ಯವಿದೆ.

7. ಸ್ಥಿರ ಬಿಂದು ಮತ್ತು ಚಲ ಬಿಂದು ಪ್ರೊಸೆಸರ್‌ಗಳು

ಸ್ಥಿರ ಬಿಂದು ಪ್ರೊಸೆಸರ್‌ಗಳು ಪೂರ್ಣಾಂಕಗಳಲ್ಲಿ ಲೆಕ್ಕ ನಡೆಸುತ್ತವೆ. ಮೊತ್ತವು ಮಿತಿಯನ್ನು ಮೀರದಂತೆ ಪ್ರೋಗ್ರಾಮ್ ಬರೆಯುವವರೇ ಪ್ರತಿ ಹಂತದಲ್ಲಿ ನೋಡಿಕೊಳ್ಳಬೇಕು. ಚಲ ಬಿಂದು ಪ್ರೊಸೆಸರ್‌ಗಳಲ್ಲಿ ಈ ಹೊರೆ ಬಹಳಷ್ಟು ಕಡಿಮೆ. ಹಿಂದೆ ಚಲ ಬಿಂದು ಚಿಪ್‌ಗಳು ದುಬಾರಿಯಾಗಿದ್ದವು. ಸಿ6713, ಎಸ್.ಟಿ.ಎಂ.32 ಎಫ್4 ಹಾಗೂ ಟೀನ್ಸಿ 4.0 ಈ ಮೂರರಲ್ಲಿಯೂ ಚಲ ಬಿಂದು ಸೌಲಭ್ಯವಿದೆ. ಹೊಸದಾಗಿ ಕಲಿಯುವವರು ಇದನ್ನೇ ಆರಿಸಿಕೊಂಡಲ್ಲಿ ಸಮಯ ಉಳಿಯುತ್ತದೆ. ಆರ್ಮ್ ಕಾರ್ಟೆಕ್ಸ್-ಎಂ ಬೋರ್ಡ್‌ಗಳಿಗೆ ಸಿ.ಎಂ.ಎಸ್.ಐ.ಎಸ್.-ಡಿ.ಎಸ್.ಪಿ. ಎಂಬ ಉಚಿತ ಗ್ರಂಥಾಲಯದಲ್ಲಿ ಶೋಧಕ ಹಾಗೂ ಎಫ್.ಎಫ್.ಟಿ. ಪ್ರೋಗ್ರಾಮ್‌ಗಳು ಸಿದ್ಧರೂಪದಲ್ಲಿ ದೊರೆಯುತ್ತವೆ.

8. ಖರೀದಿಗೆ ಸಂಬಂಧಿಸಿದ ಅಂಶಗಳು

ಅ) ರಾಜ್ಯದ ಸರ್ಕಾರಿ ಸಂಸ್ಥೆಗಳ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ತಾಂತ್ರಿಕ ನಿರ್ದಿಷ್ಟತೆಯಲ್ಲಿ ಕಂಪನಿಯ ಹೆಸರಿನ ಬದಲು ಪ್ರೊಸೆಸರಿನ ಬಗೆ, ಮಾದರಿ ವೇಗ, ಬಿಟ್‌ಗಳ ಸಂಖ್ಯೆ, ಮೆಮೊರಿ, ಸಂಪರ್ಕ ಹಾಗೂ ತಂತ್ರಾಂಶದ ಪರವಾನಗಿಯನ್ನು ನಮೂದಿಸುವುದು ಸೂಕ್ತ.

ಆ) ವಿದೇಶದಿಂದ ನೇರವಾಗಿ ತರಿಸಿಕೊಳ್ಳುವವರು ಬೋರ್ಡಿನ ಬೆಲೆಯೊಂದಿಗೆ ಸಾಗಣೆ ವೆಚ್ಚ, ಅನ್ವಯಿಸುವ ಕಸ್ಟಮ್ಸ್ ಸುಂಕ ಮತ್ತು ಸಮಗ್ರ ಸರಕು ಮತ್ತು ಸೇವಾ ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಡಿಮೆ ಬೆಲೆಯ ಬೋರ್ಡಿಗೆ ಸಾಗಣೆಯ ವೆಚ್ಚವೇ ಹೆಚ್ಚಾಗುವ ಸಂಭವವಿದೆ.

ಇ) ವಾಣಿಜ್ಯ ಉದ್ದೇಶದ ಆಮದಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಅಗತ್ಯ. ಸ್ವಂತ ಬಳಕೆಯ ಆಮದಿಗೆ ಇದರಿಂದ ವಿನಾಯಿತಿ ಇದೆ.

ಈ) ಅನುದಾನ ಕೋರುವ ಅರ್ಜಿಯಲ್ಲಿ ಬೋರ್ಡಿನ ಬೆಲೆಯನ್ನಷ್ಟೇ ತೋರಿಸಿದಲ್ಲಿ ಉಳಿದ ಶೀರ್ಷಿಕೆಗಳ ವೆಚ್ಚವನ್ನು ಅರ್ಜಿದಾರರೇ ಭರಿಸಬೇಕಾದ ಸಂದರ್ಭ ಒದಗುತ್ತದೆ. ಆದ್ದರಿಂದ ನಾಲ್ಕೂ ಶೀರ್ಷಿಕೆಗಳನ್ನು ಪ್ರತ್ಯೇಕವಾಗಿ ತೋರಿಸತಕ್ಕದ್ದು.

9. ಸುರಕ್ಷತೆ

ಬೋರ್ಡಿನ ಒಳಹರಿವಿಗೆ ಮನೆಯ ವಿದ್ಯುತ್ ಮಾರ್ಗವನ್ನು ಯಾವ ಕಾರಣಕ್ಕೂ ನೇರವಾಗಿ ಜೋಡಿಸಬಾರದು. ಇದರಿಂದ ಪ್ರಾಣಾಪಾಯವಿದೆ, ಬೋರ್ಡಿನೊಂದಿಗೆ ಗಣಕಯಂತ್ರವೂ ಹಾಳಾಗಬಹುದು. ವಿದ್ಯುತ್ ಅಲೆಯನ್ನು ಅಧ್ಯಯನ ಮಾಡುವವರು ಪ್ರತ್ಯೇಕತೆ ಒದಗಿಸುವ ಟ್ರಾನ್ಸ್‌ಫಾರ್ಮರ್ ಬಳಸಿ, ವೋಲ್ಟೇಜನ್ನು ಬೋರ್ಡಿನ ಕೈಪಿಡಿಯಲ್ಲಿ ನಮೂದಿಸಿದ ಮಿತಿಗೆ ಇಳಿಸಿಕೊಂಡು, ಅರ್ಹ ಬೋಧಕರ ಸಮ್ಮುಖದಲ್ಲಿ ಪ್ರಯೋಗ ನಡೆಸತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಣಕಯಂತ್ರದಲ್ಲೇ ಇರುವ ಸೌಂಡ್ ಕಾರ್ಡ್ ಸಾಲದೇ?
ಉತ್ತರ: ಶೋಧಕ, ಎಫ್.ಎಫ್.ಟಿ. ಮುಂತಾದವುಗಳ ಕಲಿಕೆಗೆ ಸೌಂಡ್ ಕಾರ್ಡ್ ಮತ್ತು ಆಕ್ಟೇವ್ ಅಥವಾ ಪೈಥಾನ್‌ನಂತಹ ಉಚಿತ ತಂತ್ರಾಂಶ ಸಾಕು. 1997ರಲ್ಲಿ ಬಂದ ಎಂ.ಎಂ.ಎಕ್ಸ್. ಸೌಲಭ್ಯದ ಪೆಂಟಿಯಂನಿಂದಲೇ ಗಣಕಯಂತ್ರದ ಪ್ರೊಸೆಸರ್‌ಗಳಲ್ಲಿ ಗುಣಿಸಿ ಕೂಡಿಸುವ ವಿಶೇಷ ಆದೇಶಗಳಿವೆ. ಪ್ರತಿ ಮಾದರಿಗೂ ನಿಗದಿತ ಕಾಲದೊಳಗೆ ಉತ್ತರ ಬರಲೇಬೇಕಾದಾಗ, ಅಥವಾ ಸಾಧನವು ಗಣಕಯಂತ್ರವಿಲ್ಲದೆ ಸ್ವತಂತ್ರವಾಗಿ ನಡೆಯಬೇಕಾದಾಗ ಬೋರ್ಡ್ ಅಗತ್ಯ.

ಪ್ರಶ್ನೆ: ‘ಡಿ.ಎಸ್.ಪಿ.’ ಎಂದು ಮುದ್ರಿತವಾಗಿರುವ ಎಲ್ಲ ಸಾಧನಗಳಿಗೂ ಪ್ರೋಗ್ರಾಮ್ ಬರೆಯಬಹುದೇ?
ಉತ್ತರ: ಇಲ್ಲ. 1989ರ ಸೌಂಡ್ ಬ್ಲಾಸ್ಟರ್ ಕಾರ್ಡಿನಲ್ಲಿ ‘ಡಿ.ಎಸ್.ಪಿ.’ ಎಂದು ಹೆಸರಿಸಿದ್ದ ಚಿಪ್ 8051 ಕುಟುಂಬದ ಸಾಮಾನ್ಯ ಮೈಕ್ರೊಕಂಟ್ರೋಲರ್ ಆಗಿತ್ತು. ಹೆಸರಿನ ಬದಲು ಚಿಪ್ಪಿನ ಸಂಖ್ಯೆಯನ್ನು ಕೇಳಿ, ಅದರ ಕೈಪಿಡಿ ಮತ್ತು ಕಂಪೈಲರ್ ಸಾರ್ವಜನಿಕರಿಗೆ ದೊರೆಯುವುದೇ ಎಂದು ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಆರ್ಡುಯಿನೊ ಯುನೊ ಬೋರ್ಡ್ ಈ ಕೆಲಸಕ್ಕೆ ಸಾಕೇ?
ಉತ್ತರ: ಅದರಲ್ಲಿರುವ 8 ಬಿಟ್ ಚಿಪ್ಪಿನ ವೇಗ 16 ಮೆಗಾಹರ್ಟ್ಸ್, ಮೆಮೊರಿ 2 ಕಿಲೋಬೈಟ್. ನಿಧಾನವಾಗಿ ಬದಲಾಗುವ ಸಂಕೇತಗಳಿಗೆ ಬಳಸಬಹುದು. ಉತ್ತಮ ಗುಣಮಟ್ಟದ ಧ್ವನಿಗೆ ಸಾಲದು.

ಪ್ರಶ್ನೆ: ಬೋರ್ಡ್ ಹೊಂದಲು ಪರವಾನಗಿ ಬೇಕೇ?
ಉತ್ತರ: ಧ್ವನಿ ಮತ್ತು ಕಂಪನದ ಸಂಸ್ಕರಣೆಗೆ ಮಾತ್ರ ಬಳಸುವ ಬೋರ್ಡ್‌ಗಳಿಗೆ ರೇಡಿಯೋ ಪರವಾನಗಿ ಬೇಕಿಲ್ಲ. ಬೋರ್ಡನ್ನು ಬಳಸಿ ರೇಡಿಯೋ ತರಂಗಗಳನ್ನು ಪ್ರಸಾರ ಮಾಡುವುದಾದರೆ, ವಿನಾಯಿತಿ ಇರುವ ತರಂಗಾಂತರಗಳನ್ನು ಹೊರತುಪಡಿಸಿ, ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆಯತಕ್ಕದ್ದು.

11. ಹಣ ಪಾವತಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಸಂಕೇತದ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಮಾದರಿ ವೇಗ ಹೆಚ್ಚಿದೆಯೇ?
2) ಸಂಕೇತದ ಅತಿ ಕಡಿಮೆ ಕಂಪನಾಂಕವನ್ನು ಒಳಹರಿವು ತಡೆಯದೆ ಬಿಡುವುದೇ?
3) ಪ್ರೋಗ್ರಾಮ್ ಇಳಿಸುವ ಸಾಧನ ಬೋರ್ಡಿನಲ್ಲೇ ಇದೆಯೇ?
4) ಅರ್ಜಿದಾರರ ಬಳಿ ಈಗಿರುವ ಗಣಕಯಂತ್ರದಲ್ಲಿ ತಂತ್ರಾಂಶ ನಡೆಯುವುದನ್ನು ಮಾರಾಟಗಾರರು ತೋರಿಸಿಕೊಟ್ಟಿದ್ದಾರೆಯೇ?
5) ಕಂಪೈಲರಿನ ಪರವಾನಗಿ ಯಾವ ಅವಧಿಗೆ, ಎಷ್ಟು ಗಣಕಯಂತ್ರಗಳಿಗೆ?
6) ಕೈಪಿಡಿ, ಡ್ರೈವರ್ ಮತ್ತು ಉದಾಹರಣೆ ಪ್ರೋಗ್ರಾಮ್‌ಗಳ ಪ್ರತಿ ಕೈಸೇರಿದೆಯೇ?

ಮೇಲ್ಕಂಡ ಆರು ಪ್ರಶ್ನೆಗಳಿಗೂ ಲಿಖಿತ ಉತ್ತರ ದೊರೆತ ನಂತರವೇ ದರವನ್ನು ಹೋಲಿಸುವುದು ಅರ್ಜಿದಾರರ ಹಿತಕ್ಕೆ ಪೂರಕ.

ಸೂಚನೆ: ಈ ಪುಟದಲ್ಲಿ ಹೆಸರಿಸಲಾದ ಬೋರ್ಡ್‌ಗಳು ಮತ್ತು ತಂತ್ರಾಂಶಗಳನ್ನು ಉದಾಹರಣೆಗಾಗಿ ಮಾತ್ರ ನೀಡಲಾಗಿದ್ದು, ಇದನ್ನು ಯಾವುದೇ ಸಂಸ್ಥೆಯ ಉತ್ಪನ್ನದ ಶಿಫಾರಸು ಎಂದು ಪರಿಗಣಿಸತಕ್ಕದ್ದಲ್ಲ. ನಮೂದಿಸಲಾದ ಡಾಲರ್ ಬೆಲೆಗಳು ಆಯಾ ಬೋರ್ಡ್ ಮಾರುಕಟ್ಟೆಗೆ ಬಂದ ಕಾಲದವು. ಖರೀದಿಯ ದಿನದ ಬೆಲೆ, ಸುಂಕ ಮತ್ತು ತೆರಿಗೆಯ ದರಗಳನ್ನು ಅರ್ಜಿದಾರರು ಸಂಬಂಧಪಟ್ಟವರಿಂದ ಖಚಿತಪಡಿಸಿಕೊಳ್ಳತಕ್ಕದ್ದು.